ಪ್ಲಗ್ ವೈರಿನ ಸುಣ್ಣದ ಚುಕ್ಕಿ

ನಾನು ಚಿಕ್ಕವಳಿದ್ದಾಗ ಕಾರುಗಳು ಕೆಮ್ಮುತ್ತಿದ್ದವು. ನಗಬೇಡಿ ಮಕ್ಕಳೇ, ನಿಜವಾಗಿಯೂ ಕೆಮ್ಮುತ್ತಿದ್ದವು. ಹರಿಹರಪುರದ ಹತ್ತಿರ ನಮ್ಮ ಅಂಗಳದಲ್ಲಿದ್ದ ಹಳೇ ಬಿಳಿ ಕಾರಂತೂ ಏರು ಬಂದರೆ ಸಾಕು, ಕೆಮ್ಮಿ ನಿಂತುಬಿಡುತ್ತಿತ್ತು. ಪೆಟ್ರೋಲಿಗೆ ಕಿಡಿ ಹಚ್ಚುವ ನಾಲ್ಕು ಪ್ಲಗ್ಗುಗಳು ಸವೆದಿವೆ ಎಂದು ಅಪ್ಪ ಹೊಸವನ್ನು ತಂದಿದ್ದ. ಅಮ್ಮನಿಗೆ ದಿನ ತುಂಬುತ್ತಾ ಬಂದಿತ್ತು. ಇನ್ನೊಂದು ವಾರದಲ್ಲಿ ಅವಳನ್ನು ಹೆರಿಗೆಗೆಂದು ಕೊಪ್ಪದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅಷ್ಟರೊಳಗೆ ಕಾರು ಸರಿಯಾಗಬೇಕಿತ್ತು.

ಒಂದು ಬೆಳಿಗ್ಗೆ ಅಪ್ಪ ಬಾನೆಟ್ ಎತ್ತಿದ. ಪ್ರತಿ ಪ್ಲಗ್ಗಿಗೂ ಒಂದೊಂದು ಕರಿ ವೈರು. ಅವು ಅದಲುಬದಲಾದರೆ ಕಾರು ಹೊರಡುವುದಿಲ್ಲ. ಎಲೆಯಡಿಕೆ ಹಾಕುವ ಅಪ್ಪ ತನ್ನ ಸುಣ್ಣದ ಡಬ್ಬಿಗೆ ಬೆರಳದ್ದಿ ಮೊದಲ ವೈರಿಗೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ ಇಟ್ಟ. ಆಮೇಲೆ ವೈರು ಕಿತ್ತು, ಮಸಿ ಹಿಡಿದ ಹಳೇ ಪ್ಲಗ್ ಬಿಚ್ಚಿ, ಹೊಸತನ್ನು ಬಿಗಿ ಮಾಡಿದ. ಅಂಗಳವೆಲ್ಲ ಪೆಟ್ರೋಲಿನ ವಾಸನೆ.

"ಕಾಫಿ ಕುಡ್ದು ಬರ್ತೀನಿ. ಎಂತದೂ ಮುಟ್ಬೇಡ," ಎಂದು ಅಪ್ಪ ಒಳಗೆ ಹೋದ.

ಮುಟ್ಟಬೇಡ ಎಂದರೆ ಕೈ ಸುಮ್ಮನಿರುತ್ತದೆಯೇ? ಇನ್ನೂ ಸಿಕ್ಕಿಸದೆ ಜೋತಾಡುತ್ತಿದ್ದ ನಡುವಿನ ಎರಡು ವೈರುಗಳನ್ನು ಎತ್ತಿನ ಹಗ್ಗದಂತೆ ಹಿಡಿದು ಹೋಯ್ ಹೋಯ್ ಎಂದು ಎಳೆದಾಡಿದೆ. ಕೈ ಬಿಟ್ಟು ನೋಡಿದರೆ ಸುಣ್ಣವೆಲ್ಲ ನನ್ನ ಅಂಗೈಯಲ್ಲಿ! ಡಬ್ಬಿ ಅಲ್ಲೇ ಇತ್ತು. ಅಂದಾಜಿನ ಮೇಲೆ ಒಂದಕ್ಕೆ ಎರಡು, ಇನ್ನೊಂದಕ್ಕೆ ಮೂರು ಚುಕ್ಕಿ ಇಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡೆ.

ಅಪ್ಪ ಬಂದು ಚುಕ್ಕಿ ನೋಡಿ ವೈರು ಸಿಕ್ಕಿಸಿದ. ಅಷ್ಟರಲ್ಲೇ ಅಕ್ಕ ಓಡಿಬಂದಳು. "ಅಪ್ಪಾ, ಅಮ್ಮಂಗೆ ನೋವು ಶುರುವಾಯ್ತು!"

ಫೋನು ಎರಡು ದಿನದಿಂದ ಸತ್ತಿತ್ತು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅಕ್ಕ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಅಪ್ಪ ಕೀಲಿ ತಿರುಗಿಸಿದ. ಕಾರು ಕೆಮ್ಮಿ, ಫಟ್ ಎಂದು ಹೊಗೆ ಉಗುಳಿ ಸುಮ್ಮನಾಯಿತು. ಮತ್ತೊಮ್ಮೆ ತಿರುಗಿಸಿದರೂ ಅದೇ ಕಥೆ.

"ಈ ಹೊಸ ಪ್ಲಗ್ಗೇ ಸರಿ ಇಲ್ಲ ಕಾಣ್ತದೆ ಮಾರಾಯ್ತಿ," ಎಂದು ಅಕ್ಕನಿಗೆ ಹೇಳಿ ಅಪ್ಪ ನಾಲ್ಕನ್ನೂ ಮತ್ತೆ ಬಿಚ್ಚಲು ಸ್ಪ್ಯಾನರ್ ಹುಡುಕತೊಡಗಿದ. ಅಮ್ಮ ಸೀಟಿನ ಅಂಚನ್ನು ಬಿಗಿಹಿಡಿದು ಕಣ್ಣು ಮುಚ್ಚಿದ್ದಳು. ಹೇಳಿದರೆ ಬೆನ್ನಿಗೆ ಏಟು ಬೀಳುವುದು ಖಂಡಿತ. ಹೇಳದಿದ್ದರೆ ಅಮ್ಮನ ಗತಿ? ನನಗೆ ಅಷ್ಟು ಹೆದರಿಕೆ ಮತ್ತೆಂದೂ ಆಗಿಲ್ಲ.

ಅಪ್ಪನ ಅಂಗಿ ಜಗ್ಗಿ ಕಿವಿಯಲ್ಲಿ ಹೇಳಿದೆ. "ನಡುವಿನ ಎರಡಕ್ಕೂ ಚುಕ್ಕಿ ಇಟ್ಟಿದ್ದು ನಾನು. ನೀ ಇಟ್ಟಿದ್ದು ಅಳಿಸಿಹೋಯ್ತು."

ಅಪ್ಪ ಸ್ಪ್ಯಾನರ್ ಹುಡುಕುವುದನ್ನು ಬಿಟ್ಟು ಎಂಜಿನ್ನಿನ ಕಡೆ ಬಾಗಿದ. ಆ ಎರಡು ವೈರುಗಳನ್ನು ಅದಲುಬದಲು ಮಾಡಿ ಕೀಲಿ ತಿರುಗಿಸಿದ. ಕಾರು ಒಂದೇ ಸಲಕ್ಕೆ ಗುರ್ರ್ ಎಂದಿತು! ಆ ಸದ್ದು ಕೇಳಿ ನಾನು ಜೋರಾಗಿ ಅತ್ತುಬಿಟ್ಟೆ. "ಹೇಳಿದ್ಯಲ್ಲ, ಸಾಕು. ಕಾರು ಹತ್ತು ಬೇಗ," ಎಂದ ಅಪ್ಪ. ಕೊಪ್ಪ ಮುಟ್ಟುವವರೆಗೂ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಮಧ್ಯಾಹ್ನದೊಳಗೆ ಹುಟ್ಟಿದವನೇ ನಿಮ್ಮ ಚಿಕ್ಕಜ್ಜ. ಅವನ ಮೊದಲ ಅಳು ಕೇಳಿದಾಗ ಅಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ನನ್ನನ್ನು ತಬ್ಬಿಕೊಂಡು ನಕ್ಕ. ಅಪ್ಪನ ಬೆರಳಿನಲ್ಲಿ ಇನ್ನೂ ಸುಣ್ಣವಿತ್ತು.

ನಿಮ್ಮ ಕರೆಂಟ್ ಕಾರಿಗೆ ಕಿಡಿ ಹಚ್ಚುವ ಪ್ಲಗ್ಗೂ ಇಲ್ಲ, ಕೆಮ್ಮೂ ಇಲ್ಲ. ಬೆರಳು ಒತ್ತಿದರೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಡುತ್ತದೆ. ಪಾಪ, ಎಳೆದಾಡಲು ನಿಮಗೆ ಒಂದು ವೈರೂ ಉಳಿದಿಲ್ಲ. ಆದರೂ ಮೊನ್ನೆ ನನ್ನ ಕನ್ನಡಕದ ಕಾಲು ಮುರಿದು, ಅಂಟು ಹಚ್ಚಿ, ಏನೂ ಆಗದಂತೆ ದಿಂಬಿನ ಪಕ್ಕ ಇಟ್ಟವರು ನಿಮ್ಮಲ್ಲೇ ಯಾರೋ ಇದ್ದೀರಿ. ಬಂದು ನನ್ನ ಕಿವಿಯಲ್ಲಿ ಹೇಳಿ. ನಾನೂ ಬೈಯುವುದಿಲ್ಲ.