ಅಂಗಾಲಿನಿಂದ ರಸ್ತೆ ಓದುವ ಮೌಲಾಸಾಬರು

ಮೌಲಾಸಾಬರು ಗಾಡಿ ಹತ್ತುವ ಮೊದಲು ಚಪ್ಪಲಿ ಬಿಡುತ್ತಾರೆ. ಬಿಟ್ಟ ಕೂಡಲೇ ಹತ್ತುವುದಿಲ್ಲ. ಬಲಗಾಲನ್ನು ಡಾಂಬರಿನ ಮೇಲಿಟ್ಟು, ಹಿಟ್ಟಿನ ಹದ ನೋಡುವ ಹೆಂಗಸರು ಅಂಗೈಯಿಂದ ಒತ್ತುವಂತೆ, ಎರಡು ಸಲ ಹಿಂದೆ ಮುಂದೆ ಉಜ್ಜುತ್ತಾರೆ. ಆಮೇಲೆ ಅಂಗಾಲನ್ನು ಎತ್ತಿ ನೋಡಿ, ಮೊಣಕಾಲಿನ ಕೆಳಗೆ ಪೈಜಾಮಕ್ಕೆ ಒರೆಸಿ, "ಬಿಸ್ಮಿಲ್ಲಾ" ಎಂದು ಒಳಗೆ ಕೂಡುತ್ತಾರೆ. ಬೈಲಹೊಂಗಲದ ನಮ್ಮ ಓಣಿಯವರು ಇದನ್ನು ಅವರ ಮತದ ಯಾವುದೋ ಆಚರಣೆಯೆಂದೇ ಬಹುಕಾಲ ತಿಳಿದಿದ್ದರು. ನಾನೂ ಹಾಗೆಯೇ ತಿಳಿದು ಒಮ್ಮೆ ಕೇಳಿದೆ.

"ಭಕ್ತೀನೂ ಐತ್ರಿ ಗುರುಗಳ, ಬ್ರೇಕೂ ಐತಿ," ಎಂದು ನಕ್ಕರು.

ಅರವತ್ನಾಲ್ಕು ವರ್ಷದ ಈ ಸಾತ್ವಿಕ ಜೀವ ನೇಸರಗಿಯವರು. ಮೂವತ್ತು ವರ್ಷ ಕಬ್ಬಿನ ಲಾರಿ ಹೊಡೆದವರು. ಸವದತ್ತಿಯ ಎರೆ ಹೊಲಗಳಿಂದಲೂ ರಾಮದುರ್ಗದ ಹೊಳೆದಂಡೆಯಿಂದಲೂ ಚಳಿಗಾಲ ಪೂರ್ತಿ ಕಾರ್ಖಾನೆಗಳಿಗೆ ಕಬ್ಬು ಸಾಗಿಸಿದವರು. ನಮ್ಮ ಸೀಮೆಯಲ್ಲಿ ರಸ್ತೆ ಕೆಡುವುದು ಮಳೆಗಾಲದಲ್ಲಿ ಮಾತ್ರವಲ್ಲ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೊಲದಿಂದ ಮೇಲೇರುವಾಗ ಗಾಲಿಗೆ ಅಂಟಿದ ಎರೆಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತ ಹೋಗುತ್ತವೆ. ಅದರ ಮೇಲೆ ಕಬ್ಬಿನ ಒಣ ಗರಿ, ಅಂದರೆ ರವದಿ, ಬೀಳುತ್ತದೆ. ನಸುಕಿನ ಮಂಜು ಅದನ್ನು ನೆನೆಸಿತೆಂದರೆ ಬೆಣ್ಣೆ ಸವರಿದ ಹಾಗೆ. ಕಣ್ಣಿಗೆ ಕಾಣುವುದು ಕರಿ ರಸ್ತೆಯ ಮೇಲೆ ಇನ್ನಷ್ಟು ಕರಿ ಬಣ್ಣ, ಅಷ್ಟೇ.

ಅಂಥದೇ ಒಂದು ಬೆಳಿಗ್ಗೆ ರಾಮದುರ್ಗದ ಹತ್ತಿರ ಅವರ ತುಂಬಿದ ಲಾರಿ ಅಡ್ಡಡ್ಡ ಜಾರಿ, ಬಾಣಂತಿಯೊಬ್ಬಳು ಕುಳಿತಿದ್ದ ಎತ್ತಿನ ಗಾಡಿಯಿಂದ ಒಂದು ಮಾರು ದೂರದಲ್ಲಿ ನಿಂತಿತಂತೆ. ಕೈ ಮುಗಿದು ಕ್ಷಮೆ ಕೇಳಲೆಂದು ಮೌಲಾಸಾಬರು ಕೆಳಗಿಳಿದರು. ಇಳಿದವರು ಅದೇ ಮಣ್ಣಿನ ಮೇಲೆ ಕಾಲು ಜಾರಿ ಅಂಗಾತ ಬಿದ್ದರು. "ಬಾಣಂತಿ ನಕ್ಕಬಿಟ್ಳರಿ. ನನಗ ಮಾತ್ರ ಬಿದ್ದಲ್ಲೇ ಬುದ್ಧಿ ಬಂತು. ನನ್ನ ಕಾಲ ನಿಲ್ಲಲಾರದ ಜಾಗಾದಾಗ ಗಾಲಿ ಹ್ಯಾಂಗ ನಿಂತೀತು?" ಅಂದಿನಿಂದ ಅವರು ಕಾಲಿಟ್ಟು ನೋಡದೆ ಗಾಡಿ ಹೊರಡಿಸಿಲ್ಲ.

ಲಾರಿ ಬಿಟ್ಟ ಮೇಲೆ ಹಳೆಯದೊಂದು ಬಾಡಿಗೆ ಕಾರು ಇಟ್ಟುಕೊಂಡರು. ನಮ್ಮ ಓಣಿಯ ಪುರೋಹಿತ ನೀಲಕಂಠ ಭಟ್ಟರ ಪತ್ನಿ ಸುಂದರಾಬಾಯಿಯವರ ಎರಡೂ ಮೂತ್ರಪಿಂಡಗಳು ಸೋತಾಗ, ವಾರಕ್ಕೆರಡು ಸಲ ಅವರನ್ನು ಧಾರವಾಡದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯುವ ಕೆಲಸ ಮೌಲಾಸಾಬರ ಪಾಲಿಗೆ ಬಂತು. ಬುಧವಾರ ಮತ್ತು ಶನಿವಾರ, ಎಂಟೂವರೆಗೆ ಪಾಳಿ. ಒಂದು ಸಲ ಬಂದ್ ಆಗಿ ಪಾಳಿ ತಪ್ಪಿತ್ತು. ಆ ತಾಯಿ ಎರಡು ರಾತ್ರಿ ಮಲಗಲಾರದೆ, ದಿಂಬುಗಳಿಗೆ ಒರಗಿ ಕುಳಿತು, ಏದುಸಿರು ಬಿಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಳಿ ಎಂಬ ಎರಡಕ್ಷರದಲ್ಲಿ ಅವರ ಉಸಿರು ಇತ್ತು. ಆ ಬಂದ್ ಒಂದನ್ನು ಬಿಟ್ಟರೆ, ಮೂರು ವರ್ಷದಲ್ಲಿ ಮೌಲಾಸಾಬರು ಅದನ್ನು ಒಮ್ಮೆಯೂ ತಪ್ಪಿಸಲಿಲ್ಲ.

ಕಳೆದ ದೀಪಾವಳಿಗೆ ಭಟ್ಟರ ಮಗ ಭರತ ಹೊಸ ಕಾರು ತಂದ. ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವ ಒಳ್ಳೆಯ ಹುಡುಗ. ತಾಯಿ ಎಂದರೆ ಜೀವ. ಗೇರು ತಾನೇ ಬದಲಾಗುವ ಗಾಡಿ. ಅದಕ್ಕೆ ಕ್ರೂಸ್ ಕಂಟ್ರೋಲ್ ಬೇರೆ. ಬೇಕಾದ ವೇಗಕ್ಕೆ ತಂದು ಒಂದು ಬಟನ್ ಒತ್ತಿದರೆ ಸಾಕು, ಕಾಲು ತೆಗೆದರೂ ಗಾಡಿ ಅದೇ ವೇಗದಲ್ಲಿ ಓಡುತ್ತಿರುತ್ತದೆ.

"ಕಾಕಾ, ಇನ್ನ ಮ್ಯಾಲೆ ನೀವು ಆರಾಮ ಇರ್ರಿ. ಇದಕ್ಕ ಸ್ವಂತ ಅಕ್ಕಲ್ ಅದ," ಎಂದ ಭರತ.

"ಛಲೋ ಆತ್ರಿ ಸಾವ್ಕಾರ. ಗಾಡಿ ಕೂಡ ಒಂದ ಪುಸ್ತಕ ಕೊಟ್ಟಿರತಾರಲ್ಲ, ಅದನ್ನೊಂದ ನಾಕ ದಿವಸ ಕೊಡ್ರಿ."

"ಅದು ಇಂಗ್ಲಿಷಿನ್ಯಾಗ ಅದ ಕಾಕಾ! ಏನ್ ಮಾಡ್ತೀರಿ, ತಲಿದಿಂಬ?"

"ದಿಂಬಿಗೆ ಭಾಳ ತೆಳ್ಳಗ ಆಗತೈತ್ರಿ," ಎಂದು ಮೌಲಾಸಾಬರು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ನೇಸರಗಿಯ ಬಸ್ಸು ಹತ್ತಿದರು.

ನಾಲ್ಕು ದಿನಕ್ಕೆ ಪುಸ್ತಕ ಹಿಂದಿರುಗಿತು. ಅದನ್ನಿಟ್ಟುಕೊಂಡು ಅವರು ಏನು ಮಾಡಿದರೆಂದು ಯಾರೂ ಕೇಳಲಿಲ್ಲ.

ಕೆಲವು ವಾರ ಹೊಸ ಗಾಡಿಯನ್ನೂ ಮೌಲಾಸಾಬರೇ ನಡೆಸಿದರು. ಡಿಸೆಂಬರಿನ ಎರಡನೆಯ ಬುಧವಾರ ಭರತ ತಾನೇ ಗಾಡಿ ನಡೆಸುತ್ತೇನೆಂದ. ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆಂದು ಸುಂದರಾಬಾಯಿಯವರು ಹಟ ಹಿಡಿದು ಮೌಲಾಸಾಬರನ್ನು ಮುಂದೆ, ಮಗನ ಪಕ್ಕದಲ್ಲಿ ಕೂಡಿಸಿದರು. ಧಾರವಾಡದಲ್ಲಿ ಅಂದು ನನ್ನ ಪ್ರವಚನವಿತ್ತು. ನಾನು ಆ ತಾಯಿಯೊಂದಿಗೆ ಹಿಂದೆ ಕುಳಿತೆ. ಹಿಂದಿನ ಎರಡು ದಿನಗಳಿಂದ ಎಲ್ಲಿಯೋ ಸಮುದ್ರದಲ್ಲಿ ಎದ್ದ ಬಿರುಗಾಳಿಯಿಂದ ಇಲ್ಲಿ ಮೋಡ ಕವಿದು, ಸಣ್ಣಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಗಾಡಿಗೆ ಊದಿನಕಡ್ಡಿ ಬೆಳಗಿ ಹೊರಡುವಾಗ ಏಳೂ ಕಾಲು ದಾಟಿತ್ತು.

ಮೌಲಾಸಾಬರು ಎಂದಿನಂತೆ ಬರಿಗಾಲಿನಿಂದ ರಸ್ತೆ ಉಜ್ಜಿ ನೋಡಿದರು. "ಸಾವ್ಕಾರ, ಇವತ್ತ ದಾರಿ ಛಲೋ ಇಲ್ಲ. ಅವಸರ ಬ್ಯಾಡ್ರಿ. ಆಸ್ಪತ್ರಿಗೆ ನಾ ಮುಂಜಾನೆ..."

"ಕಾಕಾ, ಮದಲ ತಡಾ ಆಗೇದ. ನೀವು ಸುಮ್ಕ ಕುಂದರ್ರಿ. ಇವತ್ತ ಗಾಡಿ ಹೊಡಿಯಾಂವ ನಾನು."

ಮೌಲಾಸಾಬರು ಸುಮ್ಮನೆ ಕುಳಿತರು. ಕಿತ್ತೂರಿನವರೆಗೆ ಸಣ್ಣ ರಸ್ತೆ, ತಿರುವುಗಳಿದ್ದವು, ಭರತ ಹೇಗೋ ಹುಷಾರಾಗಿಯೇ ಬಂದ. ಕಿತ್ತೂರು ದಾಟಿ ಹೆದ್ದಾರಿ ಹಿಡಿದದ್ದೇ ತಡ, ಗಡಿಯಾರ ನೋಡಿ, ಎಂಬತ್ತೈದಕ್ಕೆ ತಂದು ಬಟನ್ ಒತ್ತಿದ. ಕೆಲಸವಿಲ್ಲದ ಬಲಗಾಲನ್ನು ಎಳೆದುಕೊಂಡು ಎಡತೊಡೆಯ ಕೆಳಗೆ ಮಡಚಿಟ್ಟ. ದಿನವಿಡೀ ಅಂಗಡಿಯ ಗಾದಿಯ ಮೇಲೆ ಕಾಲು ಮಡಚಿ ಕೂಡುವ ದೇಹಕ್ಕೆ ಅದೊಂದೇ ಸುಖದ ಭಂಗಿ. ಮೇಲೆ ಚಳಿಗೆಂದು ಶಾಲು ಹರವಿಕೊಂಡ.

"ಏನೋ ಭರತಾ, ಗಿರಾಕಿಗೆ ಸೀರಿ ತೋರಸಾವ್ರಂಗ ಕುಂತೀಯಲ್ಲೋ," ಎಂದರು ತಾಯಿ.

"ಕಾಲಿಗೆ ಇಲ್ಲೆ ಕೆಲಸ ಇಲ್ಲವ್ವಾ. ಗಾಡಿನ ಎಲ್ಲಾ ನೋಡಿಕೋತದ."

ಮೌಲಾಸಾಬರು ಗಾಜು ಒರೆಸುವ ಕಡ್ಡಿಗಳ ಆಚೆಗೆ ಕಣ್ಣು ನೆಟ್ಟಿದ್ದರು. "ಸಾವ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಹಸಿ ರಸ್ತಾದಾಗ ಇದನ್ನ ಹಚ್ಚಬಾರದು. ಕಾಲರೆ ಕೆಳಗ ಬಿಡ್ರಿ."

"ಹೊಸಾದು ಅಂದ್ರ ನಿಮಗ ಅಂಜಿಕಿ, ಕಾಕಾ," ಎಂದು ಭರತ ನಕ್ಕ. ಮೌಲಾಸಾಬರ ಬಲಗೈ ಮೆಲ್ಲಗೆ ತೊಡೆಯಿಂದೆದ್ದು ಎರಡು ಸೀಟುಗಳ ನಡುವೆ ಬಂದು ಕುಳಿತದ್ದನ್ನು ನಾನು ನೋಡಿದೆ.

ಮುಂದೆ ರಸ್ತೆ ಸ್ವಲ್ಪ ಏರುತ್ತಿತ್ತು. ಎಡಗಡೆಯ ಹೊಲದಿಂದ ಕಬ್ಬಿನ ಟ್ರ್ಯಾಕ್ಟರುಗಳು ಹೆದ್ದಾರಿಗೆ ಹತ್ತುವ ಜಾಗ. ಮಳೆಯಲ್ಲಿ ಕರಗಿದ ಎರೆಮಣ್ಣು ಅಲ್ಲಿ ಅಂಬಲಿಯಂತೆ ಹರಡಿತ್ತು. ಅದರ ಮೇಲೆ ಗಾಲಿ ಬಿದ್ದ ಕ್ಷಣ ಎಂಜಿನ್ ಇದ್ದಕ್ಕಿದ್ದಂತೆ ಗುಂಯ್ ಎಂದು ಕೂಗಿತು. ಗಾಡಿ ನಿಧಾನವಾಯಿತೆಂದು ತಿಳಿದು ವೇಗ ಹಿಡಿದಿಡುವ ಆ ಯಂತ್ರ ತನ್ನ ಕೆಲಸ ತಾನು ಮಾಡುತ್ತ ಇನ್ನಷ್ಟು ಬಲ ಕೊಟ್ಟಿತ್ತು. ಕೊಟ್ಟ ಬಲಕ್ಕೆಲ್ಲ ಗಾಲಿ ಇದ್ದಲ್ಲೇ ಸುತ್ತುತ್ತಿತ್ತು. ಗಾಡಿಯ ಹಿಂಭಾಗ ಬಲಕ್ಕೆ ತೇಲಿತು. ಭರತ ಕಾಲು ಕೆಳಗೆ ತರಲು ಹೋದ. ಪಾದ ಶಾಲಿನ ಅಂಚಿನಲ್ಲಿ ಸಿಕ್ಕಿಬಿದ್ದಿತ್ತು. ಅವನ ಬಾಯಿಂದ "ಅವ್ವಾ" ಎಂಬ ಒಂದೇ ಶಬ್ದ ಬಂತು.

ಅಷ್ಟರಲ್ಲಿ ಮೌಲಾಸಾಬರ ಹೆಬ್ಬೆರಳು ಸ್ಟೇರಿಂಗಿನ ಮೇಲಿನ ಒಂದು ಸಣ್ಣ ಬಟನ್ ಒತ್ತಿತ್ತು. ಎಂಜಿನ್ನಿನ ಕೂಗು ಥಟ್ಟನೆ ಅಡಗಿತು.

"ಬ್ರೇಕ್ ತುಳೀಬ್ಯಾಡ್ರಿ," ಎಂದರು. ಮಗುವನ್ನು ಮಲಗಿಸುವವರ ದನಿ ಅದು. "ಸ್ಟೇರಿಂಗ್ ಜಗ್ಗಬ್ಯಾಡ್ರಿ. ನಾವು ಹೋಗೂದು ಎಲ್ಲಿ, ಅತ್ಲಾಗ ನೋಡ್ರಿ. ಹಾಂ, ಹಂಗ. ಸ್ಪೀಡ್ ತಾನ ಇಳೀತೈತಿ, ಬಿಡ್ರಿ."

ಗಾಡಿ ಎರಡು ಸಲ ತೂಗಾಡಿ, ಮಣ್ಣು ದಾಟಿ, ಗಟ್ಟಿ ಡಾಂಬರು ಸಿಕ್ಕಾಗ ತಾನೇ ಸೀದಾ ಆಯಿತು. ಭರತ ಕಾಲು ಬಿಡಿಸಿಕೊಂಡು ಎಡಬದಿಗೆ ಒಯ್ದು ನಿಲ್ಲಿಸಿದ. ಹಿಂದಿನಿಂದ ಬರುತ್ತಿದ್ದ ಲಾರಿಯೊಂದು ದೀರ್ಘವಾಗಿ ಹಾರ್ನ್ ಹೊಡೆಯುತ್ತ, ನಮ್ಮ ಗಾಜಿಗೆ ಕೆಸರೆರಚಿ ಮುಂದೆ ಹೋಯಿತು. ಆ ಲಾರಿ ಎಷ್ಟು ಹತ್ತಿರವಿತ್ತು ಎಂಬುದನ್ನು ನೆನೆದರೆ ಈಗಲೂ ನನ್ನ ಕೈಗಳು ತಾವಾಗಿ ಮುಗಿದುಕೊಳ್ಳುತ್ತವೆ.

ಮೊದಲು ಮಾತಾಡಿದವರು ಸುಂದರಾಬಾಯಿಯವರೇ. "ಈಗರೆ ಕಾಲಿಗೆ ಕೆಲಸ ಅದನೋ ಇಲ್ಲೋ ಭರತಾ?"

ಭರತ ಸ್ಟೇರಿಂಗಿನಿಂದ ಕೈ ತೆಗೆದ. "ಕಾಕಾ, ನೀವು ಹೊಡೀರಿ. ಆದ್ರ ಪಾಳಿ ತಪ್ಪತದ. ಎಂಟೂ ಐದು ಆಗೇದ. ಅವ್ವಗ ಮತ್ತ ಉಸರಾಟ..."

ಮೌಲಾಸಾಬರು ಇಳಿದು, ಮಳೆಯಲ್ಲಿ ಚಪ್ಪಲಿ ಬಿಟ್ಟು, ಕಾಲಿನಿಂದ ರಸ್ತೆ ನೋಡಿ, ಬಲಗಡೆ ಬಂದು ಕುಳಿತರು. "ತಪ್ಪಂಗಿಲ್ರಿ. ಮುಂಜಾನೆ ಆರಕ್ಕ ಪೂನಮ್ ಸಿಸ್ಟರ್‌ಗೆ ಫೋನ್ ಹಚ್ಚಿದ್ದೆ. ಹಸಿ ಐತ್ರಿ, ನಾವು ತಡಾ ಬರತೇವಿ, ಅಕ್ಕಾರನ್ನ ಎಲ್ಲಾರಕಿಂತ ಕಡೀಕ ಮಷೀನಿಗೆ ಹಚ್ರಿ ಅಂದಿದ್ದೆ. ಒಂಬತ್ತೂವರಿ ತನಕಾ ಪುರಸತ್ತೈತಿ."

"ಮತ್ತ ಯಾಕ ಹೇಳಲಿಲ್ಲ ಕಾಕಾ?"

"ಹೇಳಾಕ ಬಾಯಿ ತಗದಿದ್ದೆ. ನೀವು ಸುಮ್ಕ ಕುಂದರ್ರಿ ಅಂದ್ರಿ." ಅವರು ಗಾಡಿ ಹೊರಡಿಸಿದರು. ಸ್ವಲ್ಪ ದೂರ ಹೋದ ಮೇಲೆ ಹೇಳಿದರು, "ತಪ್ಪ ನಂದೂ ಐತ್ರಿ. ಹಿಂದ ಅಕ್ಕಾರ ಕುಂತಾರ. ಜೋರ ಮಾಡಿಯರೆ ಹೇಳಬೇಕಿತ್ತು. ಇಷ್ಟ ವರ್ಷ ಮಾಲಕರ ಮುಂದ ದನಿ ಸಣ್ಣ ಮಾಡಿ ಮಾಡಿ ರೂಢಿ ಆಗೇತಿ."

ಅವರಲ್ಲಿ ನಾನು ಕಂಡ ಕೊರತೆ ಇದೊಂದೇ. ಅದನ್ನೂ ಅವರೇ ಬಾಯಿಬಿಟ್ಟು ಹೇಳಿಬಿಟ್ಟರು.

ಐವತ್ತರ ಆಚೆಗೆ ಮುಳ್ಳು ದಾಟಲಿಲ್ಲ. ಮುಂದಿನ ಗಾಡಿಗೂ ನಮಗೂ ನಡುವೆ ಒಂದು ಓಣಿಯಷ್ಟು ಜಾಗ ಬಿಟ್ಟೇ ನಡೆದರು. ಆಸ್ಪತ್ರೆ ಮುಟ್ಟಿದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಬಾಗಿಲಲ್ಲೇ ನಿಂತಿದ್ದ ಪೂನಮ್ ಸಿಸ್ಟರ್, "ಮೌಲಾಸಾಬಜ್ಜಾರ, ತಡಾ ಅಂತ ಹೇಳಿ ಲಗೂನ ಬಂದೀರಲ್ರಿ!" ಎಂದು ಸುಂದರಾಬಾಯಿಯವರ ಕೈ ಹಿಡಿದು ಒಳಗೆ ಕರೆದೊಯ್ದರು.

ಯಂತ್ರ ತನ್ನ ನಾಲ್ಕು ಗಂಟೆಯ ಸೇವೆ ಮಾಡುತ್ತಿದ್ದಾಗ, ಹೊರಗೆ ಚಹದ ಅಂಗಡಿಯಲ್ಲಿ ಭರತ ಕೇಳಿದ: "ಆ ಬಟನ್ ಯಾವುದಂತ ನಿಮಗ ಹ್ಯಾಂಗ ಗೊತ್ತಾತು ಕಾಕಾ?"

"ನಮ್ಮ ಮೊಮ್ಮಗಳ ನಿಲೋಫರ್ ಓದಿ ಹೇಳಿದ್ಳು. ನಾಕ ಸಂಜಿ ಆಕಿಗೆ ಅದ ಕೆಲಸ. ನನ್ನ ಹೇಣ್ತಿ ಹುಸೇನಮಾ ಬೈದಳು, ಹುಡುಗಿ ಪರೀಕ್ಷಾ ಬಿಟ್ಟ ಗಾಡಿ ಪುಸ್ತಕ ಓದಾಕ ಹತ್ಯಾಳ ಅಂತ." ಅವರು ಬಶಿಯಲ್ಲಿ ಚಹಾ ಆರಿಸಿಕೊಂಡರು. "ಕ್ರೂಸಿಂದು ಒಂದ ಪುಟದಾಗ ಹಳದಿ ಡಬ್ಬಿ ಮಾಡಿ ಬರದಾರ್ರಿ. ಮಳಿ ಇದ್ರ ಬ್ಯಾಡ, ರಾಡಿ ಇದ್ರ ಬ್ಯಾಡ, ತಿರುವ ಇದ್ರ ಬ್ಯಾಡ, ಗದ್ದಲ ಇದ್ರ ಬ್ಯಾಡ. ಗಾಡಿ ಮಾಡಿದಾವರಿಗೂ ನನ್ನಂಗ ಅಂಜಿಕಿ ಐತಿ ನೋಡ್ರಿ."

ಭರತ ತಲೆ ತಗ್ಗಿಸಿ ನಕ್ಕ. "ಹಂಗಾರ ಅದು ಇರೂದರೆ ಯಾತಕ್ಕ?"

"ಒಣ ರಸ್ತಾ, ಬಯಲ ದಾರಿ, ಛಲೋ ಬಿಸಲ ಇದ್ದಾಗ ಭಾಳ ಸುಖ. ನನ್ನ ಮೊಣಕಾಲ ನೋವಿಗೆ ಅದು ಔಷಧ ಇದ್ದಂಗ. ಆದ್ರ ಆವಾಗೂ ಕಾಲ ಮಾತ್ರ ಬ್ರೇಕಿನ ಹತ್ರ ಇರಬೇಕ್ರಿ. ಗಾದಿ ಅಂಗಡ್ಯಾಗ ಇರಲಿ."

ಭಕ್ತಬಂಧುಗಳೇ, ಎಚ್ಚರಿಕೆಯನ್ನು ಕುರಿತು ನಾನು ವೇದಿಕೆಗಳ ಮೇಲೆ ಎಷ್ಟು ಗಂಟೆ ಮಾತಾಡಿದ್ದೇನೆಂದು ಲೆಕ್ಕವಿಲ್ಲ. ಅಂದು ಸಂಜೆಯ ಪ್ರವಚನದಲ್ಲಿ ನನಗೆ ಹೊಸ ಮಾತು ಬೇಕಾಗಲಿಲ್ಲ. ತನಗೆ ಬಾರದ ಭಾಷೆಯ ಪುಸ್ತಕವನ್ನು ಮೊಮ್ಮಗಳ ಮುಂದೆ ಶಿಷ್ಯನಂತೆ ಕುಳಿತು ಕೇಳಿದ ಮುದುಕನೊಬ್ಬನ ಕಥೆ ಹೇಳಿದೆ. ನಸುಕಿನ ಆರಕ್ಕೆ ಎದ್ದು, ಪರರ ತಾಯಿಯ ಉಸಿರಿಗಾಗಿ ಫೋನ್ ಮಾಡಿ, ಅದನ್ನು ಯಾರ ಮುಂದೂ ದೊಡ್ಡದು ಮಾಡದವನ ಕಥೆ. ನಮಾಜಿಗೆ ಮೊದಲು ಕಾಲು ತೊಳೆಯುವ ಶ್ರದ್ಧೆಯಿಂದಲೇ ಅವರು ರಸ್ತೆಗೂ ಕಾಲಿಡುತ್ತಾರೆ. ಪರಮಾತ್ಮನು ಇಂಥವರ ಕೈಯಲ್ಲಿ ನಮ್ಮ ಪಯಣಗಳನ್ನಿಟ್ಟಿದ್ದಾನೆ ಎಂಬುದು ಅವನ ದೊಡ್ಡ ಕರುಣೆ.

ಆ ಶನಿವಾರ ಮಳೆ ನಿಂತಿತ್ತು. ಮಂಜು ಮಾತ್ರ ದಟ್ಟವಾಗಿತ್ತು. ನಾನು ಹೂ ಕೊಯ್ಯಲು ಹೊರಗೆ ಬಂದಾಗ ಭಟ್ಟರ ಮನೆಯ ಮುಂದೆ ಗಾಡಿ ಹೊರಡಲು ಸಿದ್ಧವಾಗಿತ್ತು. ಹೊರಡುವ ಹೊತ್ತು ಏಳರಿಂದ ಆರೂ ಕಾಲಿಗೆ ಬಂದಿತ್ತು. ಶಾಲು ಹಿಂದಿನ ಸೀಟಿನಲ್ಲಿ, ತಾಯಿಯ ಮೇಲಿತ್ತು. ಭರತ ಚಪ್ಪಲಿ ಬಿಟ್ಟು, ರಸ್ತೆಯ ಮೇಲೆ ಅಂಗಾಲು ಉಜ್ಜುತ್ತ ನಿಂತಿದ್ದ.

"ಥಂಡಿ ಬಿಟ್ರ ನನಗೇನೂ ತಿಳೀವಲ್ದು ಕಾಕಾ."

"ಒಂದ ದಿನಕ್ಕ ತಿಳ್ಯಾಂಗಿಲ್ರಿ. ನನಗ ಅಂಗಾತ ಬೀಳೂತನಕಾ ತಿಳಿದಿದ್ದಿಲ್ಲ." ಮೌಲಾಸಾಬರು ತಾವೂ ಒಮ್ಮೆ ಉಜ್ಜಿ ನೋಡಿ, ಪೈಜಾಮಕ್ಕೆ ಕಾಲು ಒರೆಸಿದರು. "ಹೋಗೂವಾಗ ಕಾಲಲೇ ಹೋಗೂಣು. ಬರೂವಾಗ ಬಿಸಲ ಬಿದ್ದಿರತೈತಿ, ಆವಾಗ ನಿಮ್ಮ ಬಟನ್ ಹಚ್ಚೂಣಂತ."

"ನೀವು ಹೊಡೀತೀರೋ, ನಾ ಹೊಡೀಲೋ?"

ಹಿಂದಿನ ಕಿಟಕಿಯಿಂದ ಸುಂದರಾಬಾಯಿಯವರ ದನಿ ಬಂತು: "ಯಾರರೆ ಹೊಡೀರಪ್ಪಾ. ಎರಡೂ ಕಾಲ ಕೆಳಗ ಇಟ್ಟ ಹೊಡೀರಿ."