ರೋಣದ ಸಮುದ್ರಕ್ಕೆ ಆರು ಬಸವನಹುಳು

ರೋಣದಿಂದ ಸಮುದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದೆರಡು ವರ್ಷ ಸಮುದ್ರ ನನ್ನ ಫೋಟೊ ಸ್ಟುಡಿಯೊದೊಳಗೇ ಇತ್ತು. ಮೂರಡಿ ಉದ್ದದ ಗಾಜಿನ ತೊಟ್ಟಿ, ಪಾಕೀಟಿನ ಉಪ್ಪು ಕಲಸಿ ಮಾಡಿದ ಸಮುದ್ರದ ನೀರು, ನಾಲ್ಕು ಕಲ್ಲು, ಕಲ್ಲಿನ ಮೇಲೆ ಬೆರಳಾಡಿಸುವ ಹವಳ, ಬಿಳಿ ಪಟ್ಟೆಯ ಎರಡು ಕೇಸರಿ ಮೀನು. ಇದೆಲ್ಲ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದು. ಗಜೇಂದ್ರಗಡದ ಒಬ್ಬ ಸ್ಟುಡಿಯೊದವ ಜಲಪಾತ ಬರೆದ ಪರದೆ ತರಿಸಿದ ಎಂದು ಸುದ್ದಿ ಬಂತು. ಅವನದು ಬಣ್ಣದ ಜಲಪಾತವಾದರೆ ನನ್ನದು ಜೀವ ಇರುವ ಸಮುದ್ರವೇ ಆಗಲಿ ಎಂದು ಹಟಕ್ಕೆ ಬಿದ್ದೆ. ಜನ ಬಂದರು, ತೊಟ್ಟಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಆದರೆ ಸಮುದ್ರಕ್ಕೆ ಪಾಚಿ ಹಿಡಿಯಿತು. ಇವತ್ತು ಗಾಜು ಉಜ್ಜಿದರೆ ನಾಡಿದ್ದು ಮತ್ತೆ ಹಸಿರು. ಅದರ ಮುಂದೆ ನಿಂತ ಒಬ್ಬ ಮದುಮಗಳು ಫೋಟೊದಲ್ಲಿ ಹಾಗಲಕಾಯಿ ಬಣ್ಣಕ್ಕೆ ಬಂದಳು. ಅವಳ ಅತ್ತೆ ಅಂಗಡಿಗೆ ಬಂದು ನನ್ನ ಮರ್ಯಾದೆಯನ್ನು ಬಜಾರಿಗೆಲ್ಲ ಕೇಳುವಂತೆ ತೆಗೆದು ಹೋದಳು. ನಾನು ಗದಗಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಹುಡುಕಿದೆ. ಸಮುದ್ರದ ಬಸವನಹುಳು ತಂದು ಬಿಟ್ಟರೆ ಪಾಚಿ ತಿಂದು ಗಾಜು ಚೊಕ್ಕ ಮಾಡುತ್ತವೆ ಎಂದಿತ್ತು. ಆರು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದು ಎರಡು ಹಾಳೆ ಓದಿದೆ. ಉಳಿದ ನಾಲ್ಕು ಓದುವ ತಾಳ್ಮೆ ನನ್ನ ಮೈಯಲ್ಲಿಲ್ಲ.

ಇದನ್ನೆಲ್ಲ ಸ್ಟುಡಿಯೊದ ಮೂಲೆಯ ಸ್ಟೂಲಿನಿಂದ ನೋಡುತ್ತಿದ್ದವನು ಅಪ್ಪ. ಅಪ್ಪ ಅಬ್ಬಿಗೇರಿಯ ರೈತ, ಸುತ್ತ ಹತ್ತೂರಿಗೆ ಎತ್ತು ಆರಿಸಿಕೊಡುತ್ತಿದ್ದವನು. ದನದ ಸಂತೆಗೆ ಹೊರಟವರು ಮೊದಲು ನಮ್ಮ ಮನೆಗೆ ಬಂದು ಅವನನ್ನು ಕರೆದುಕೊಂಡೇ ಹೋಗುತ್ತಿದ್ದರು. ಹಲ್ಲು, ಗೊರಸು, ಬಾಲ ಎಲ್ಲರೂ ನೋಡುತ್ತಾರೆ. ಅಪ್ಪ ಎತ್ತು ಮಲಗುವ ತನಕ ಕಾಯುತ್ತಿದ್ದ. ಮಲಗಿದ್ದು ಹೇಗೆ ಏಳುತ್ತದೆ ಎಂದು ನೋಡಿದ ಮೇಲೆಯೇ ಹೂಂ ಅನ್ನುತ್ತಿದ್ದ.

ಒಂದೇ ಒಂದು ಸಲ ತಪ್ಪಿದ. ತನ್ನ ತಂಗಿಯ ಮಗ ಲಗೂನ ಲಗೂನ ಎಂದು ಅವಸರ ಮಾಡಿದ್ದಕ್ಕೆ, ಏಳುವುದನ್ನು ನೋಡದೆ ಬರೀ ಮೈಕಟ್ಟು ನೋಡಿ ಎತ್ತು ಕೊಡಿಸಿದ. ಅದು ಬಿತ್ತನೆಯ ದಿನ ಕೂರಿಗೆ ಹೂಡಿದಲ್ಲೇ ಮಲಗಿತು. ಊರ ಮಂದಿ ಸೇರಿ ಎಬ್ಬಿಸಿದರೂ ಏಳಲಿಲ್ಲ. "ಮುದುಕನ ಕಣ್ಣು ಹೋದುವು" ಎಂದು ಊರು ಆಡಿಕೊಂಡಿತು. ಅಂದಿನಿಂದ ಒಬ್ಬರೂ ಕರೆಯಲಿಲ್ಲ. ಅಪ್ಪ ಹೊಲ ಗುತ್ತಿಗೆಗೆ ಕೊಟ್ಟು, ಅವ್ವನನ್ನು ಕರೆದುಕೊಂಡು ರೋಣಕ್ಕೆ ನನ್ನ ಮನೆಗೆ ಬಂದ. ಮೂರು ವರ್ಷ ಸ್ಟೂಲಿನ ಮೇಲೆ ಕೂತ. ಬದನೆಕಾಯಿ ಆರಿಸಿಕೊಡು ಎಂದು ಅವ್ವ ಕೇಳಿದರೂ "ನನಗ್ಯಾಕ ಕೇಳ್ತಿ?" ಅನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ನಾನು ರೇಗುತ್ತಿದ್ದೆ, ಅದೂ ಅಪ್ಪನ ಮೇಲೆಯೇ.

ಹಾಳೆ ಓದಿ ಹುಳು ತರಲು ಹುಬ್ಬಳ್ಳಿಗೆ ಹೊರಟ ದಿನ ಅಪ್ಪ ತಾನಾಗಿಯೇ ಕೇಳಿದ. "ಅವಕ್ಕ ಹಲ್ಲು ಅದಾವೇನು?"

"ನಾಲಿಗಿ ತುಂಬ ಹಲ್ಲಂತ, ಅರದಂಗ."

ಅಪ್ಪ ಚಿಂತೆಗೆ ಬಿದ್ದ. "ಅಷ್ಟೊಂದು ಹಲ್ಲಿದ್ರ ವಯಸ್ಸು ಹ್ಯಾಂಗ ತಿಳೀಬೇಕು?" ಆಮೇಲೆ "ನಾನೂ ಬರ್ತೀನಿ ತಡಿ" ಎಂದು ಟವೆಲ್ ಕೊಡವಿದ. ಮೂರು ವರ್ಷದಲ್ಲಿ ಅವನು ಎಲ್ಲಿಗಾದರೂ ಬರುತ್ತೇನೆ ಎಂದದ್ದು ಅದೇ ಮೊದಲು. ಇಬ್ಬರೂ ಬಸ್ಸು ಹತ್ತಿದೆವು.

ಹುಬ್ಬಳ್ಳಿಯ ಮೀನಿನ ಅಂಗಡಿಯವ ಮುಂಬಯಿಯಿಂದ ತರಿಸಿದ ಹುಳುಗಳನ್ನು ತೋರಿಸಿದ. ಗೋಪುರದ ಆಕಾರದವು ಟ್ರೋಕಸ್, ಅಡಕೆಗಿಂತ ಸ್ವಲ್ಪ ದೊಡ್ಡವು. ದುಂಡಗಿದ್ದದ್ದು ಟರ್ಬೊ. ಅದು ಒಂದೇ ಇತ್ತು, ನಿಂಬೆಹಣ್ಣಿಗಿಂತ ದಪ್ಪ, ಹಸಿರು ಹೊಳಪು. ನನ್ನ ಕಣ್ಣು ಅದರ ಮೇಲೆ ಬಿತ್ತು. ಅಪ್ಪ ಒಂದು ಅಗಲ ತಟ್ಟೆಗೆ ಉಪ್ಪುನೀರು ಹಾಕಿಸಿ, ಎಲ್ಲವನ್ನೂ ಅದರಲ್ಲಿ ಅಂಗಾತ ಮಲಗಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಏನ್ ಮಾಡಾಕತ್ತೀರಿ ಅಜ್ಜಾರ?" ಎಂದ ಅಂಗಡಿಯವ.

"ಏಳೂದ ನೋಡಬೇಕ್ರಿ. ನಿಂತದ್ದು ಎಲ್ಲಾನೂ ಚಂದನ ಕಾಣತೈತಿ."

ಎಲೆ-ಅಡಕೆ ಹಾಕಿಕೊಳ್ಳುವಷ್ಟು ಹೊತ್ತು ಕೊಟ್ಟ. ಬಂದ ಗಿರಾಕಿಗಳು ಮೀನು ಬಿಟ್ಟು ತಟ್ಟೆಯ ಸುತ್ತ ನಿಂತರು. ಗೋಪುರದವು ಒಂದೊಂದಾಗಿ ಮೈ ಹೊರಚಾಚಿ, ನೆಲ ತಡವಿ, ಹೊರಳಿ ಎದ್ದವು. ಎದ್ದ ಆರನ್ನು ಅಪ್ಪ ಬದಿಗಿಟ್ಟ. ದೊಡ್ಡದು ಚಿಪ್ಪಿನ ಬಾಗಿಲು ಹಾಕಿಕೊಂಡು ಹಾಗೇ ಬಿದ್ದಿತ್ತು.

"ಇದು ಬ್ಯಾಡ."

"ಯಪ್ಪಾ, ಅದು ಒಂದ ಆರರ ಕೆಲಸ ಮಾಡತೈತಿ!"

"ಹಿಂದಕ ಒಮ್ಮೆ ಮೈ ನೋಡಿ ಮೋಸ ಹೋಗೀನಿ. ಇನ್ನೊಮ್ಮೆ ಹೋದ್ರ ಈ ಕಣ್ಣು ಇದ್ದೂ ಇಲ್ಲದಂಗ" ಎಂದ. ಆಮೇಲೆ ಟವೆಲ್ ಮುಂದೆ ಹಿಡಿದು ಅದರ ಅಡಿ ಕೈ ಚಾಚಿದ. ಟವೆಲಿನಡಿ ಬೆರಳು ಹಿಡಿದು ದರ ಕುದುರಿಸುವುದು ದನದ ಸಂತೆಯ ಪದ್ಧತಿ. ಅಂಗಡಿಯವನಿಗೆ ಅದೆಲ್ಲಿ ಗೊತ್ತು? ಭಕ್ತಿಯಿಂದ ಟವೆಲಿನಡಿ ಕೈ ಹಾಕಿ ಕೈಕುಲುಕಿದ.

ಅಪ್ಪ ಚಹಾ ಕುಡಿಯಲು ಹೊರಗೆ ಹೋದ. ಆಗ ನಾನು ಆ ದೊಡ್ಡದನ್ನೂ ಕಟ್ಟಿಸಿಕೊಂಡು ಕ್ಯಾಮೆರಾ ಚೀಲದೊಳಗೆ ಬಚ್ಚಿಟ್ಟೆ. ಎತ್ತು ನೋಡುವವನಿಗೆ ಸಮುದ್ರದ ಹುಳುವಿನ ಬಗ್ಗೆ ಏನು ಗೊತ್ತು ಎಂಬ ಸೊಕ್ಕು. ಎರಡು ಹಾಳೆ ಓದಿದವನ ಸೊಕ್ಕು ಅದು. ನರಗುಂದದಲ್ಲಿ ಬಸ್ಸು ಹತ್ತಿದವನೊಬ್ಬ ಅಪ್ಪನ ತೊಡೆಯ ಮೇಲಿದ್ದ ಹುಳುಗಳ ಚೀಲ ನೋಡಿ ಏನ್ರಿ ಅದು ಎಂದು ಕೇಳಿದ. "ಮೂರು ಜೋಡಿ" ಎಂದ ಅಪ್ಪ, ಬಹಳ ಗಂಭೀರವಾಗಿ.

ಸ್ಟುಡಿಯೊಕ್ಕೆ ಅಂಟಿಕೊಂಡ ನಮ್ಮ ಮನೆಗೆ ಬಂದರೆ ಅವ್ವ ತಂಬಿಗೆ ನೀರು, ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಸ ಎತ್ತು ಮನೆಗೆ ಬಂದರೆ ಪಾದಕ್ಕೆ ನೀರು ಹಾಕಿಯೇ ಒಳಗೆ ಕರೆಯುವುದು.

"ನೀರ ಹಾಕಬ್ಯಾಡಬೇ! ಸೀನೀರು ಬಿದ್ರ ಸಾಯ್ತಾವು" ಎಂದು ಚೀರಿದೆ.

ಅವ್ವ ಸೋಲುವವಳಲ್ಲ. ತೊಟ್ಟಿಯಿಂದ ಒಂದು ಚಮಚ ಉಪ್ಪುನೀರು ತಂದಳು. "ಪಾದ ಎಲ್ಲಿ ಅದಾವೋ?"

"ಇಲ್ಲಬೇ. ಹೊಟ್ಟಿ ಮ್ಯಾಲ ನಡೀತಾವು."

"ಅಯ್ಯ ಪಾಪ!" ಎಂದು ಹೊಟ್ಟೆಗೇ ನೀರು ಬಿಟ್ಟಳು. ಕುಂಕುಮ ಹಚ್ಚಲು ಬೆರಳು ಮುಂದೆ ಮಾಡಿದಾಗ ನಾನು ಚೀಲವನ್ನೇ ಕಸಿದುಕೊಂಡೆ. ಅಪ್ಪ ಊಟಕ್ಕೆ ಕೂತ ಹೊತ್ತು ನೋಡಿ ದೊಡ್ಡದನ್ನು ಹವಳದ ಕಲ್ಲಿನ ಹಿಂದೆ, ಯಾರಿಗೂ ಕಾಣದ ಹಾಗೆ ಬಿಟ್ಟೆ.

ನಾಲ್ಕೇ ದಿನದಲ್ಲಿ ಆರೂ ಹುಳು ಗಾಜಿನ ಮೇಲೆ ಸಾಲು ಹೊಡೆದವು. ಹಸಿರಿನ ನಡುವೆ ನೆಟ್ಟಗೆ, ಬಟ್ಟಬಯಲಾದ ದಾರಿಗಳು. ಅಪ್ಪ ಸ್ಟೂಲನ್ನು ತೊಟ್ಟಿಯ ಮುಂದಕ್ಕೆ ಎಳೆದುಕೊಂಡ. ಬಜಾರಿನವರು ನೋಡಲು ಬಂದರು, ಸಂತೆಗೆ ಬಂದ ಅಬ್ಬಿಗೇರಿಯವರೂ ಬಂದರು. "ಆರಿಸಿದ್ದು ಯಾರು?" ಎಂದು ಅವರು ಕೇಳುವುದನ್ನೇ ಅಪ್ಪ ಕಾಯುತ್ತಿದ್ದ. "ಎಡಕಿಂದು ಸ್ವಲ್ಪ ಮಂದ ಐತಿ, ಆದ್ರ ನಂಬಿಗಸ್ತ" ಎಂದು ವಿವರಿಸುತ್ತಿದ್ದ. ಅವನ ದನಿ ಕೇಳಿ ನನಗೆ ಖುಷಿಯಾಗುತ್ತಿತ್ತು, ಕ್ಯಾಮೆರಾ ಚೀಲವನ್ನು ಮಾತ್ರ ಕಾಲಿನಿಂದ ಮೇಜಿನಡಿಗೆ ತಳ್ಳುತ್ತಿದ್ದೆ.

ಎಂಟನೆಯ ದಿನ ಮುಂಜಾನೆ ಶಟರ್ ಎತ್ತಿದೆ. ನಾತ ಹೊಡೆದು ಎರಡು ಹೆಜ್ಜೆ ಹಿಂದೆ ಬಂದೆ. ನೀರು ಗಂಜಿಯಾಗಿತ್ತು. ಎರಡೂ ಮೀನು ತೇಲುತ್ತಿದ್ದವು. ಹವಳ ಮುದುಡಿ ಜೋಲು ಬಿದ್ದಿತ್ತು. ಅಪ್ಪ ನನ್ನ ಹಿಂದೆಯೇ ಬಂದು ನೋಡಿದ. ಸ್ಟೂಲನ್ನು ಎತ್ತಿ ಮತ್ತೆ ಹಳೆಯ ಮೂಲೆಗೆ ಇಟ್ಟು ಗೋಡೆಗೆ ಮುಖ ಮಾಡಿ ಕೂತ.

"ನಾ ಆರಿಸಿದ್ದ ಮುಳುವಾತು. ಮಂದಿ ಖರೇನ ಹೇಳಿದ್ರು. ಇನ್ನ ಮ್ಯಾಲ ನನ್ನ ಏನೂ ಕೇಳಬ್ಯಾಡ್ರಪಾ."

ನಾನು ತೊಟ್ಟಿಯೊಳಗೆ ಕೈ ಹಾಕಿ ಕಲ್ಲಿನ ಹಿಂದೆ ತಡವಿದೆ. ದೊಡ್ಡದು ಸಿಕ್ಕಿತು. ಅಂಗಾತ ಬಿದ್ದಲ್ಲೇ ಸತ್ತು ಕೊಳೆತು ನೀರೆಲ್ಲ ಕೆಡಿಸಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಗಟಾರ ಬಾಗಿಲ ಮುಂದೆಯೇ ಇತ್ತು. ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಸೆಯಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಗೋಡೆಯ ಕಡೆ ತಿರುಗಿದ ಆ ಬೆನ್ನು ನೋಡಲಾಗಲಿಲ್ಲ. ಅಪ್ಪನ ಮುಂದೆ ಹೋಗಿ ಕೈ ಬಿಚ್ಚಿದೆ.

ಅಪ್ಪ ಬಾಗಿ ನೋಡಿದ. "ಇದು ಹುಬ್ಬಳ್ಳ್ಯಾಗ ಬಿಟ್ಟು ಬಂದದ್ದಲ್ಲ?"

"ನೀ ಚಹಾಕ್ಕ ಹೋದಾಗ ನಾ ತಂದೆ. ಕಲ್ಲಿನ ಹಿಂದ ಬಿಟ್ಟಿದ್ದೆ."

ಬೈಯುತ್ತಾನೆ ಎಂದು ಕಾದೆ. ಅಪ್ಪ ಎದ್ದು ತೊಟ್ಟಿಯ ಹತ್ತಿರ ಹೋಗಿ ಗಾಜಿನ ಅಂಚು ನೋಡಿದ. ಅವನ ಆರೂ ಹುಳು ಕೆಟ್ಟ ನೀರು ಬಿಟ್ಟು ಮೇಲೆ ಹತ್ತಿ, ಒಣ ಗಾಜಿಗೆ ಅಂಟಿಕೊಂಡು ಕೂತಿದ್ದವು. ಬೆರಳಿನಿಂದ ಒಂದನ್ನು ಮುಟ್ಟಿದ. ಅದು ಮೈ ಒಳಗೆ ಎಳೆದುಕೊಂಡಿತು. ಒಂದೊಂದನ್ನೂ ಮುಟ್ಟಿದ, ಆರೂ ಎಳೆದುಕೊಂಡವು. ಅಪ್ಪ ನಗತೊಡಗಿದ. ಮೂರು ವರ್ಷದ ನಗು, ಕೆಮ್ಮು ಬಂದರೂ ನಿಲ್ಲಲಿಲ್ಲ. ನನ್ನ ಸಮುದ್ರ ಮುಳುಗಿತ್ತು, ಮೀನು ಸತ್ತಿದ್ದವು, ನನಗೆ ಅಳು ಬಂದಿತ್ತು. ಆದರೂ ಅವನ ಜೊತೆ ನಾನೂ ನಕ್ಕೆ.

ಆಮೇಲೆ ಆ ಸತ್ತ ಹುಳುವನ್ನು ನನ್ನ ಕೈಯಿಂದ ಇಸಿದುಕೊಂಡು ಬಜಾರಿಗೆ ಹೋದ. ಚಹಾದಂಗಡಿ, ಕಿರಾಣಿ ಅಂಗಡಿ, ಬಳೆಯಂಗಡಿ, ಒಂದನ್ನೂ ಬಿಡಲಿಲ್ಲ. "ಇದು ನಾ ಬ್ಯಾಡ ಅಂದದ್ದು, ನನ್ನ ಮಗ ಆರಿಸಿದ್ದು" ಎಂದು ಎಲ್ಲರ ಮೂಗಿಗೆ ಹಿಡಿದ. ಜನ ಮೂಗು ಮುಚ್ಚಿಕೊಂಡೇ ಹೌದ್ರಿ ಹೌದ್ರಿ ಅಂದರು. ನಾನು ಉಪ್ಪುನೀರು ಕಲಸಿ ಆರನ್ನೂ ಬಕೀಟಿಗೆ ಹಾಕುವಷ್ಟರಲ್ಲಿ ಅಪ್ಪ ತಿರುಗಿ ಬಂದ. ಟೋಪಿ ನೆಟ್ಟಗೆ ಮಾಡಿಕೊಂಡು ತೊಟ್ಟಿಯ ಮುಂದೆ ನಿಂತು ಅಂಗೈ ಮುಂದೆ ಚಾಚಿದ.

"ಒಂದು ಫೋಟೊ ತಗಿ."

"ನಾರ್ತೈತಿ ಯಪ್ಪಾ, ಒಗದು ಬಾ ಮೊದಲ."

"ಫೋಟೊದಾಗ ನಾರೂದಿಲ್ಲ. ಅಂಗಾತ ಬಿದ್ದದ್ದು ಕಾಣೂವಂಗ ತಗಿ. ಎರಡು ಕಾಪಿ ಮಾಡು, ಒಂದು ನನ್ನ ತಂಗಿ ಮಗಗ ಕೊಡೂದೈತಿ."

ನಾನು ಒಂದು ಕೈಯಿಂದ ಮೂಗು ಹಿಡಿದು ಇನ್ನೊಂದು ಕೈಯಿಂದ ಬಟನ್ ಒತ್ತಿದೆ.