ಇಳಿಯದ ಎಣ್ಣೆ ಬಾಟಲಿ

ಬಾಣಲೆಯಮ್ಮನಿಗೂ ಒಂದು ಹೆಸರಿತ್ತು, ಆ ಹೆಸರಿನಿಂದ ಕರೆಯುವವರು ಉಳಿದಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಜಾಲರಿ ಸೌಟು ಕೈಗಿತ್ತಳು. ಅಂದಿನಿಂದ ಗೋಧಿಹಿಟ್ಟಿನ ಬಿಲ್ಲೆ ಕರಿದು ಬೀದಿ ಕೊನೆಯ ಅಂಗಡಿಗೆ ಕೊಡುವುದೇ ಬದುಕಾಯಿತು. ಅತ್ತೆ ಮಹಾ ಜಿಪುಣಿ. ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ಸುರಿಯುವವರೆಗೆ ಸೊಸೆಯನ್ನು ಒಲೆ ಮುಂದಿನಿಂದ ಏಳಗೊಡುತ್ತಿರಲಿಲ್ಲ. ಆ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು.

ಮೊಮ್ಮಗಳಿಗೆ ಗೋಧಿಯಲ್ಲಿರುವ ಗ್ಲುಟೆನ್ ಆಗಿಬರುವುದಿಲ್ಲವೆಂದು ತಿಳಿದಾಗ ಬಾಣಲೆಯಮ್ಮ ಹುಡುಗಿಗೆಂದೇ ಬೇರೆ ಪಾತ್ರೆ, ಬೇರೆ ಸೌಟು, ನೀಲಿ ಮುಚ್ಚಳದ ಬೇರೆ ಎಣ್ಣೆ ಬಾಟಲಿ ಇಟ್ಟಳು. ಆದರೂ ಹೊಟ್ಟೆನೋವು, ಭೇದಿ ನಿಲ್ಲಲಿಲ್ಲ. ಮಗು ಕಡ್ಡಿಯಾಗುತ್ತ ಬಂತು.

“ಎಣ್ಣೆನೇ ಆಗ್ತಿಲ್ವೇನೋ ಡಾಕ್ಟ್ರೇ?”

“ಸೂರ್ಯಕಾಂತಿ, ಶೇಂಗಾ, ಎಳ್ಳು, ಯಾವುದಾದ್ರೂ ಹಾಕಿ, ಅದರಲ್ಲಿ ಗ್ಲುಟೆನ್ ಇರಲ್ಲ. ಗೋಧಿಹಿಟ್ಟಿಂದು ಕರಿದ ಎಣ್ಣೆ ಮಾತ್ರ ಬೇಡಮ್ಮ, ಸೋಸಿದ್ರೂ ಬೇಡ,” ಎಂದರು ಡಾಕ್ಟರು. “ಇನ್ನೂ ತೂಕ ಇಳಿದ್ರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ.”

ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಗುವಿನ ಎಣ್ಣೆಯನ್ನೇ ಕಾದಳು. ಆಗ ಗೊತ್ತಾಯಿತು, ಬಾಟಲಿ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಮಗುವಿನ ಅಡುಗೆಗೆ ತೆಗೆದಷ್ಟೂ ಸಂಜೆಗೆ ಮತ್ತೆ ಕುತ್ತಿಗೆಯವರೆಗೆ ತುಂಬಿರುತ್ತಿತ್ತು. ಗಾಬರಿಯಾಗಿ ಅದನ್ನು ಚೆಲ್ಲಿ ಹೊಸ ಎಣ್ಣೆ ತಂದಳು. ಅದೂ ಇಳಿಯಲಿಲ್ಲ.

“ನಿನ್ನ ಅತ್ತೇನೇ ಬಂದು ತುಂಬಿಸ್ತಿರಬೇಕು ಬಿಡಮ್ಮ, ಖರ್ಚು ಉಳೀತು,” ಎಂದು ಹೊಲಿಗೆ ಕಾರ್ಖಾನೆಯಿಂದ ಬಂದ ಮಗಳು ನಕ್ಕಳು.

ಬಾಣಲೆಯಮ್ಮನಿಗೆ ನಗು ಬರಲಿಲ್ಲ. ಅತ್ತೆ ಸತ್ತರೂ ಎಣ್ಣೆಯ ಚಿಂತೆ ಬಿಡುವವಳಲ್ಲ. ಮುಚ್ಚಳಕ್ಕೆ ದಾರ ಬಿಗಿದು ಕಟ್ಟಿದಳು. ಸಂಜೆ ನೋಡಿದರೆ ದಾರ ಬಿಚ್ಚಿತ್ತು, ಅತ್ತೆ ಸುತ್ತಿಡುತ್ತಿದ್ದ ಹಾಗೆಯೇ ಸಣ್ಣ ಉಂಡೆಯಾಗಿ ಬಾಟಲಿಯ ಪಕ್ಕದಲ್ಲಿ ಕೂತಿತ್ತು.

ಮರುದಿನ ಮಧ್ಯಾಹ್ನ ಅಂಗಡಿಯ ಸರಕು ಕರಿದು, ಎಣ್ಣೆ ಆರಲೆಂದು ಗೋಡೆಗೆ ಒರಗಿದ್ದಷ್ಟೇ ನೆನಪು. ಯಾರೋ ಮೊಣಕೈ ಜಗ್ಗಿದರು.

“ಅಜ್ಜಿ, ನನ್ನ ಬಾಟಲಿಗೆ ಯಾಕೆ ಅದನ್ನ ಹಾಕ್ತಿದ್ದೀಯ?”

ತಗ್ಗಿ ನೋಡಿದಳು. ಅವಳ ಎಡಗೈ ಮಗುವಿನ ಬಾಟಲಿಯ ಬಾಯಿಗೆ ಬಟ್ಟೆ ಹಿಡಿದಿತ್ತು. ಬಲಗೈ ಬಾಣಲೆಯ ಎಣ್ಣೆಯನ್ನು ಸೌಟಿನಿಂದ ಮೊಗೆದು, ಹನಿಯೂ ಚೆಲ್ಲದಂತೆ, ಅದಕ್ಕೆ ಸುರಿಯುತ್ತಿತ್ತು.

“ದಿನಾ ಹಾಕ್ತೀಯಲ್ಲ,” ಎಂದಿತು ಮಗು. “ಕರೆದ್ರೂ ತಿರುಗಲ್ಲ. ಏನೋ ಗೊಣಗ್ತಿರ್ತೀಯ, ನಿನ್ನ ದನಿ ಥರ ಇರಲ್ಲ.”

“ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಿ?”

“ನೀನೇ ಅಲ್ವಾ ಹಾಕ್ತಿದ್ದಿದ್ದು. ಒಳ್ಳೇದೇ ಇರುತ್ತೆ ಅಂದ್ಕೊಂಡೆ. ಇವತ್ತು ಹೊಟ್ಟೆ ಜಾಸ್ತಿ ನೋಯ್ತಿದೆ, ಅದಕ್ಕೆ ಕೇಳ್ದೆ.”

ಬಾಣಲೆಯಮ್ಮನಿಗೆ ಅತ್ತೆಯ ಭಯ ಬಿಟ್ಟುಹೋಯಿತು. ತನ್ನ ಕೈಗಳನ್ನು ಕಂಡರೇ ಭಯವಾಯಿತು.

ಈಗ ಮಗುವಿನ ಅಡುಗೆಯನ್ನು ಮಗಳೇ ಮಾಡಿಡುತ್ತಾಳೆ. ಅದಕ್ಕೆ ತಂದ ಹೊಸ ಎಣ್ಣೆ ಬೀರುವಿನೊಳಗಿದೆ, ಕೀಲಿ ಮಗಳ ಜೊತೆ ಕಾರ್ಖಾನೆಗೆ ಹೋಗುತ್ತದೆ. ಬಾಟಲಿ ಇಳಿಯುತ್ತಿದೆ, ಮಗುವಿನ ಕೆನ್ನೆ ತುಂಬುತ್ತಿದೆ. ಬಾಣಲೆ ಆರುವ ಹೊತ್ತಿಗೆ ಮಾತ್ರ ಮೊಮ್ಮಗಳು ಆಟ ಬಿಟ್ಟು ಬಂದು ಅಜ್ಜಿಯ ಎರಡೂ ಕೈಗಳನ್ನು ಹಿಡಿದು ಕೂರುತ್ತಾಳೆ. ಕೈಗಳು ಇನ್ನೂ ಬೀರುವಿನ ಕಡೆಗೆ ಎಳೆಯುತ್ತವೆ.